ಅಜ್ಜನ ಮರ್ಫಿ ರೇಡಿಯೋ: ಮರ ಉಜ್ಜುವ ಮೊದಲು ಒಂದು ಹನಿ ಸ್ಪಿರಿಟ್ ಹಾಕಿ ನೋಡಿ

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಹಳೆ ಮನೆಯ ಅಟ್ಟದಲ್ಲಿ ಅಜ್ಜನ ಮರ್ಫಿ ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳಿಂದ ನಡೆಯುವಂಥದ್ದು) ಸಿಕ್ಕಿದೆ. 1960ರ ಆಸುಪಾಸಿನದು ಅಂತ ಅಪ್ಪ ಹೇಳುತ್ತಾರೆ. ಮರದ ಪೆಟ್ಟಿಗೆ ಗಟ್ಟಿಯಾಗಿದೆ. ಆದರೆ ಮೇಲ್ಭಾಗದಲ್ಲಿ ಬಿಳಿ ಕಲೆಗಳಿವೆ, ಪಾಲಿಶ್ ತುಂಬಾ ಸಣ್ಣ ಸಣ್ಣ ಬಿರುಕು, ಎಡಗಡೆ ಕೆಳಮೂಲೆಯಲ್ಲಿ ಮರದ ಮೇಲ್ಪದರ ಎದ್ದು ನಿಂತಿದೆ. ನಮ್ಮ ಬಡಗಿ ಮಷೀನಿನಲ್ಲಿ ಪೂರ್ತಿ ಉಜ್ಜಿ ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆದರೆ ಹೊಸದರ ಹಾಗೆ ಆಗುತ್ತದೆ ಅನ್ನುತ್ತಾರೆ. ಒಪ್ಪಿಕೊಳ್ಳಲಾ? ನಾನೇ ಮಾಡಲು ಆಗುತ್ತದಾ?

ಉತ್ತರ: ಒಪ್ಪಿಕೊಳ್ಳಬೇಡಿ. ಮಷೀನನ್ನಂತೂ ಅದರ ಹತ್ತಿರಕ್ಕೂ ತರಲು ಬಿಡಬೇಡಿ. ನೀವು ಹೇಳಿದ ಮೂರು ತೊಂದರೆಗಳೂ ಉಜ್ಜದೆಯೇ ಸರಿಯಾಗುವಂಥವು, ಅದರಲ್ಲಿ ಎರಡನ್ನು ನೀವೇ ಮನೆಯಲ್ಲಿ ಮಾಡಬಹುದು.

ನಿಮ್ಮ ಬಡಗಿ ತಪ್ಪು ಮನುಷ್ಯ ಅಂತಲ್ಲ. ಬಾಗಿಲು, ಮಂಚ, ಮೇಜಿಗೆ ಅವರು ಹೇಳುವುದು ಸರಿಯೇ. ಅಲ್ಲಿ ಇರುವುದು ಗಟ್ಟಿ ಮರ, ಉಜ್ಜಿದಷ್ಟೂ ಒಳಗೆ ಅದೇ ಮರ. ರೇಡಿಯೋ ಪೆಟ್ಟಿಗೆ ಹಾಗಲ್ಲ. ಒಳಗಿರುವುದು ಪ್ಲೈವುಡ್, ಅದರ ಮೇಲೆ ಅಂಟಿಸಿರುವುದು ಒಳ್ಳೆ ಮರದ ತೆಳು ಹಾಳೆ, ಅಂದರೆ ವಿನಿಯರ್. ಅದರ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ದಪ್ಪ ಕಾಗದದ ಲಗ್ನಪತ್ರಿಕೆಯನ್ನು ನೆನೆಸಿಕೊಳ್ಳಿ, ಹೆಚ್ಚುಕಮ್ಮಿ ಅಷ್ಟು. ಸ್ಯಾಂಡಿಂಗ್ ಮಷೀನು ಮೂಲೆಯ ಮೇಲೆ ಹತ್ತು ಸೆಕೆಂಡ್ ಜಾಸ್ತಿ ನಿಂತರೆ ವಿನಿಯರ್ ಹೋಗಿ ಪ್ಲೈವುಡ್ ಕಾಣುತ್ತದೆ. ಅದನ್ನು ಮರೆಮಾಚಲು ದಪ್ಪ ಬಣ್ಣ ಹೊಡೆಯುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹಳೆ ರೇಡಿಯೋಗಳಲ್ಲಿ ಕಾಣುವ ಬಣ್ಣ ಎಲ್ಲವೂ ಮರದ ಬಣ್ಣ ಅಲ್ಲ. ಅಂಚುಗಳು ಕಪ್ಪು ಕಂದು, ನಡುವೆ ತಿಳಿ ಕಂದು, ಕೆಳಗಿನ ಪಟ್ಟಿ ಇನ್ನೂ ಗಾಢ ಇರುತ್ತದಲ್ವಾ? ಅನೇಕ ಕಾರ್ಖಾನೆಗಳಲ್ಲಿ ಆ ಬಣ್ಣವನ್ನು ಮೇಲೆ ಹೊಡೆಯುವ ಹೊಳಪಿನ ಪದರವಾದ ಲ್ಯಾಕರ್‌ನಲ್ಲೇ ಬೆರೆಸಿ ಸ್ಪ್ರೇ ಮಾಡುತ್ತಿದ್ದರು. ಕೆಳಪಟ್ಟಿಗೂ ಅಂಚುಗಳಿಗೂ ಬಳಸುತ್ತಿದ್ದುದು ಬಹಳ ಸಲ ಸಾಧಾರಣ ಬಿಳಿಚು ಮರ. ಪಾಲಿಶ್ ಕಿತ್ತರೆ ಬಣ್ಣವೂ ಅದರ ಜೊತೆಗೇ ಹೋಗುತ್ತದೆ, ಕೆಳಗೆ ಉಳಿಯುವುದು ಒಂದಕ್ಕೊಂದು ಹೊಂದದ ಎರಡು ಮೂರು ಜಾತಿಯ ಮರ. ಆಮೇಲೆ ಅದೇ ಛಾಯೆಯನ್ನು ಮತ್ತೆ ತರುವುದು ನುರಿತ ಕೈಗೂ ಕಷ್ಟ. ಅದಕ್ಕೇ ನಾನು ಯಾವಾಗಲೂ ಹೇಳುವುದು, ಹಳೆ ಪಾಲಿಶ್ ಉಳಿಯುವ ಸ್ಥಿತಿಯಲ್ಲಿದ್ದರೆ ಅದನ್ನು ಉಳಿಸಿಕೊಳ್ಳುವುದೇ ಕೆಲಸ, ಕೀಳುವುದು ಕೊನೆಯ ದಾರಿ.

ಪಿಯು ಬೇಡ ಅನ್ನಲೂ ಇದೇ ಕಾರಣ. ಅದು ಗಟ್ಟಿ, ನೀರು ತಡೆಯುತ್ತದೆ, ಊಟದ ಮೇಜಿಗೆ ಚೆನ್ನಾಗಿರುತ್ತದೆ. ಆದರೆ ಒಮ್ಮೆ ಹೊಡೆದರೆ ಮುಂದೆ ಸುಲಭವಾಗಿ ತೆಗೆಯಲು ಬರುವುದಿಲ್ಲ. ಗೀರು ಬಿದ್ದರೆ ಅಷ್ಟೇ ಜಾಗ ಸರಿಮಾಡಲೂ ಆಗುವುದಿಲ್ಲ. ಅರಗಿನ ಪಾಲಿಶ್ ಅಥವಾ ಎನ್‌ಸಿ ಲ್ಯಾಕರ್ (ನೈಟ್ರೋಸೆಲ್ಯುಲೋಸ್ ಲ್ಯಾಕರ್) ಆದರೆ ಹೊಸ ಕೋಟ್ ಹಳೆ ಕೋಟನ್ನು ಸ್ವಲ್ಪ ಕರಗಿಸಿಕೊಂಡು ಅದರೊಂದಿಗೇ ಸೇರಿಕೊಳ್ಳುತ್ತದೆ. ನಿಮ್ಮ ಮಕ್ಕಳ ಕಾಲದಲ್ಲೂ ಯಾರಾದರೂ ಅದನ್ನು ರಿಪೇರಿ ಮಾಡಬಹುದು. ಇವು ಬರೀ ಡಬ್ಬಗಳಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮರ್ಫಿ ಕಂಪನಿ 1929ರಲ್ಲಿ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ಶುರುವಾಯಿತು. 1930ರ ದಶಕದಲ್ಲಿ ಅವರ ಪೆಟ್ಟಿಗೆಗಳನ್ನು ವಿನ್ಯಾಸ ಮಾಡಿದವರು ಆರ್. ಡಿ. ರಸೆಲ್, ಹೆಸರಾಂತ ಪೀಠೋಪಕರಣ ತಯಾರಕ ಗಾರ್ಡನ್ ರಸೆಲ್ ಅವರ ತಮ್ಮ. ರೇಡಿಯೋ ಅಂದರೆ ಮನೆಯ ಒಂದು ಪೀಠೋಪಕರಣ ಅಂತಲೇ ಅವರು ನೋಡಿದ್ದು. ನಮ್ಮಲ್ಲಿ ಬಂದ ಮರ್ಫಿಗಳು ಮುಂಬೈ ಪಕ್ಕದ ಠಾಣೆಯಲ್ಲಿ ತಯಾರಾಗುತ್ತಿದ್ದವು.

ಈಗ ಕೆಲಸಕ್ಕೆ ಬರೋಣ. ಮೊದಲನೆಯದು, ಪ್ಲಗ್ ಹಾಕಿ ನೋಡಬೇಡಿ. ಎಷ್ಟೇ ಆಸೆಯಾದರೂ ಬೇಡ. ಇಷ್ಟು ವರ್ಷ ಸುಮ್ಮನೆ ಕೂತ ಕೆಪಾಸಿಟರ್‌ಗಳು ಶಾರ್ಟ್ ಆಗಿ ಟ್ರಾನ್ಸ್‌ಫಾರ್ಮರ್ ಸುಡಬಹುದು. ಎಸಿ/ಡಿಸಿ ಎರಡರಲ್ಲೂ ನಡೆಯುವ ಸೆಟ್ ಆಗಿದ್ದರೆ ಒಳಗಿನ ಲೋಹದ ಚಾಸಿಗೆ, ಅಂದರೆ ಬಿಡಿಭಾಗಗಳನ್ನೆಲ್ಲ ಕೂರಿಸಿದ ಚೌಕಟ್ಟಿಗೆ, ಕರೆಂಟ್ ನೇರವಾಗಿ ಬರುತ್ತದೆ, ನಾಬ್ ಕಿತ್ತ ಜಾಗದ ಕಂಬಿ ಮುಟ್ಟಿದರೂ ಶಾಕ್. ಕರೆಂಟ್ ಇಲ್ಲದ ಊರುಗಳಲ್ಲಿ ಆಗ 90 ವೋಲ್ಟಿನ ಒಣ ಬ್ಯಾಟರಿ ಪ್ಯಾಕ್ ಮೇಲೆ ನಡೆಯುವ ವಾಲ್ವ್ ಸೆಟ್‌ಗಳೂ ಇದ್ದವು, ನಿಮ್ಮದು ಆ ಜಾತಿಯೇನೋ ನೋಡಿ. ಹಾಗಿದ್ದರೆ ಬ್ಯಾಟರಿ ಸೋರಿ ಪೆಟ್ಟಿಗೆಯ ತಳ ತಿಂದಿರಬಹುದು. ಏನೇ ಇದ್ದರೂ ವಿದ್ಯುತ್ತಿನ ಕೆಲಸ ವಾಲ್ವ್ ಸೆಟ್ ಗೊತ್ತಿರುವ ಮೆಕ್ಯಾನಿಕ್‌ಗೆ ಬಿಡಿ.

ಪೆಟ್ಟಿಗೆಯ ಕೆಲಸಕ್ಕೆ ಚಾಸಿ ಹೊರಗೆ ಬರಲೇಬೇಕು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮೊದಲು ನಾಬ್‌ಗಳು. ಪಕ್ಕದಲ್ಲಿ ಸಣ್ಣ ಸ್ಕ್ರೂ ಇದ್ದರೆ ಸಡಿಲಿಸಿ, ಇಲ್ಲದಿದ್ದರೆ ನಾಬಿನ ಹಿಂದೆ ಬಟ್ಟೆಯ ಪಟ್ಟಿ ಸುತ್ತಿ ನೇರವಾಗಿ ಎಳೆಯಿರಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ನಾಬಿನ ಬೇಕಲೈಟ್ (ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್) ಒಡೆಯುತ್ತದೆ, ಮರದ ಮೇಲೆ ಗುಳಿಯೂ ಬೀಳುತ್ತದೆ. ಆಮೇಲೆ ಹಿಂದಿನ ರಟ್ಟು, ಸ್ಪೀಕರಿನ ವೈರು, ತಳದ ಬೋಲ್ಟುಗಳು. ಒಳಗಿನ ಚೀಟಿ, ವಾಲ್ವ್‌ಗಳ ಜಾಗ ತೋರಿಸುವ ಚಿತ್ರ ಯಾವುದನ್ನೂ ಕೀಳಬೇಡಿ. ಅಂಚೆ ಕಚೇರಿಯಲ್ಲಿ ಪ್ರತಿ ವರ್ಷ ದುಡ್ಡು ಕಟ್ಟಿ ಪಡೆಯುತ್ತಿದ್ದ ರೇಡಿಯೋ ಲೈಸೆನ್ಸ್ ಪುಸ್ತಕ ಇಂಥ ಪೆಟ್ಟಿಗೆಯ ಹಿಂದೆ ಸಿಕ್ಕಿಕೊಂಡಿರುವುದುಂಟು, ಸಿಕ್ಕರೆ ಜೋಪಾನ ಮಾಡಿ, ಅದರಲ್ಲಿ ನಿಮ್ಮಜ್ಜನ ಹೆಸರೇ ಇರುತ್ತದೆ. ವಾಲ್ವ್‌ಗಳ ಮೇಲ್ಭಾಗದಲ್ಲಿ ಮರಕ್ಕೆ ಬೂದು-ಬಿಳಿ ಹಾಳೆ ಹೊಡೆದಿದ್ದರೆ ಅದು ಆಸ್ಬೆಸ್ಟಾಸ್ ಇರಬಹುದು, ಕೆರೆಯಬೇಡಿ, ಇದ್ದ ಹಾಗೇ ಇರಲಿ.

ಡಯಲ್ ಗಾಜಿನ ಬಗ್ಗೆ ವಿಶೇಷ ಎಚ್ಚರ. ಸ್ಟೇಷನ್ ಹೆಸರುಗಳನ್ನು ಅಚ್ಚು ಹಾಕಿರುವುದು ಗಾಜಿನ ಹಿಂಬದಿಗೆ. ಆ ಬಣ್ಣ ವಯಸ್ಸಾಗಿ ಪುಡಿಯಾಗಿರುತ್ತದೆ, ಒದ್ದೆ ಬಟ್ಟೆ ತಾಗಿದರೂ ಅಕ್ಷರಗಳು ಬಟ್ಟೆಗೆ ಬಂದುಬಿಡುತ್ತವೆ. ಹಿಂಬದಿಗೆ ಮೆತ್ತನೆಯ ಒಣ ಬ್ರಷ್ ಸಾಕು, ಮುಂಬದಿಯನ್ನು ಮಾತ್ರ ಒರೆಸಿ. ಮರ್ಫಿ ಹೆಸರಿನ ಬಿಲ್ಲೆ, ಪ್ಲಾಸ್ಟಿಕ್ ಪಟ್ಟಿಗಳನ್ನು ಈಗಲೇ ತೆಗೆದು ಬೇರೆ ಇಡಿ, ಥಿನ್ನರ್ ತಾಗಿದರೆ ಅವು ಕರಗುತ್ತವೆ. ಸ್ಪೀಕರ್ ಬಟ್ಟೆಯನ್ನು ತೊಳೆಯಬೇಡಿ. ತೊಳೆದರೆ ಕುಗ್ಗುತ್ತದೆ, ಹಳೆ ನೂಲು ಹರಿದೇ ಹೋಗಬಹುದು. ಹಲಗೆಯ ಸಮೇತ ಹೊರತೆಗೆದು ಮೇಲೆ ಸೊಳ್ಳೆ ಪರದೆಯ ತುಂಡು ಇಟ್ಟು ವ್ಯಾಕ್ಯೂಮ್‌ನಿಂದ ನಿಧಾನವಾಗಿ ಧೂಳು ಎಳೆಯಿರಿ.

ಹುಳು ಹಿಡಿದಿದೆಯಾ ನೋಡಿ. ಸಣ್ಣ ತೂತುಗಳಿದ್ದರೆ ಕಪ್ಪು ಕಾಗದದ ಮೇಲೆ ಪೆಟ್ಟಿಗೆ ಇಟ್ಟು ಒಂದು ವಾರ ಬಿಡಿ. ಹೊಸ ಹುಡಿ ಉದುರಿದರೆ ಹುಳು ಜೀವಂತ ಇದೆ ಅಂತ ಅರ್ಥ. ಹುಳು-ಗೆದ್ದಲಿಗೆಂದೇ ಮಾರುವ ಎಣ್ಣೆಯನ್ನು ಒಳಗಿನ ಪಾಲಿಶ್ ಇಲ್ಲದ ಕಡೆಯಿಂದ ಹಚ್ಚಿ, ತೂತುಗಳಿಗೆ ಸಿರಿಂಜಿನಲ್ಲಿ ಬಿಡಿ.

ಈಗ ಮುಖ್ಯವಾದದ್ದು, ನಿಮ್ಮ ರೇಡಿಯೋ ಮೇಲಿರುವ ಪಾಲಿಶ್ ಯಾವುದು ಅಂತ ತಿಳಿಯುವುದು. ಇದನ್ನು ತಿಳಿಯದೆ ಮುಂದಿನ ಯಾವ ಕೆಲಸವನ್ನೂ ಶುರು ಮಾಡಬಾರದು. ಹಿಂಬದಿಯ ಅಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ ಒಂದು ಹನಿ ಪಾಲಿಶ್ ಸ್ಪಿರಿಟ್ ಇಡಿ. ಒಂದು ನಿಮಿಷ ಬಿಟ್ಟು ಹತ್ತಿಕಡ್ಡಿಯಲ್ಲಿ ಮುಟ್ಟಿ. ಅಂಟಂಟಾಗಿ ಕಡ್ಡಿಗೆ ಕಂದು ಬಂದರೆ ಅದು ಅರಗಿನ ಪಾಲಿಶ್, ಪಾಲಿಶ್ ಮಾಡುವವರು ಚಪಡಾ ಅಥವಾ ಫ್ರೆಂಚ್ ಪಾಲಿಶ್ ಅನ್ನುತ್ತಾರೆ. ನಮ್ಮ ಚನ್ನಪಟ್ಟಣದ ಗೊಂಬೆಗಳ ಬಣ್ಣ, ಹೊಳಪು ಕೂಡ ಅರಗಿನದೇ. ಸ್ಪಿರಿಟ್‌ಗೆ ಏನೂ ಆಗದಿದ್ದರೆ ಪಕ್ಕದಲ್ಲಿ ಒಂದು ಹನಿ ಎನ್‌ಸಿ ಥಿನ್ನರ್. ಅದಕ್ಕೆ ಮೆತ್ತಗಾದರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಾಲಿಯೆಸ್ಟರ್ ಪಾಲಿಶ್ ಇರಬೇಕು, ಅಥವಾ ಮಧ್ಯದಲ್ಲಿ ಯಾರೋ ಹೊಸ ವಾರ್ನಿಷ್ ಹೊಡೆದಿದ್ದಾರೆ. ಮೊದಲು ಸ್ಪಿರಿಟ್, ಆಮೇಲೆ ಥಿನ್ನರ್, ಈ ಕ್ರಮ ತಪ್ಪಬಾರದು. ಥಿನ್ನರ್‌ಗೆ ಅರಗೂ ಮೆತ್ತಗಾಗುತ್ತದೆ, ಆಗ ಯಾವುದು ಅಂತ ಗೊತ್ತಾಗುವುದಿಲ್ಲ.

ಪರೀಕ್ಷೆ ಆದಮೇಲೆ ಸ್ವಚ್ಛ ಮಾಡುವುದು. ಮಲೆನಾಡಿನ ಅಟ್ಟ ಅಂದರೆ ಅಡುಗೆಮನೆಯ ಹೊಗೆ, ಜಿಡ್ಡು, ಅಡಿಕೆ ಒಣಗಿಸಿದ ಧೂಳು ಎಲ್ಲ ಸೇರಿ ಒಂದು ಪದರವೇ ಕೂತಿರುತ್ತದೆ. ಪಾಲಿಶ್ ಹಾಳಾಗಿದೆ ಅಂದುಕೊಂಡದ್ದು ಎಷ್ಟೋ ಸಲ ಬರೀ ಈ ಜಿಡ್ಡು. ಮೆತ್ತನೆಯ ಹತ್ತಿಬಟ್ಟೆಯನ್ನು ಮಿನರಲ್ ಟರ್ಪಂಟೈನಿನಲ್ಲಿ ಅದ್ದಿ, ಹಿಂಡಿ, ಒಂದು ಅಂಗೈ ಅಗಲದಷ್ಟು ಜಾಗ ಒರೆಸಿ. ಬಟ್ಟೆ ಕಪ್ಪಾದರೆ ಬದಲಾಯಿಸಿ. ಜಿಡ್ಡು ಹೋದಮೇಲೂ ಕೊಳೆ ಉಳಿದರೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ ತಕ್ಷಣ ಒಣಬಟ್ಟೆಯಲ್ಲಿ ಒರೆಸಿ. ಎದ್ದು ನಿಂತ ಮೂಲೆಯ ಹತ್ತಿರ ನೀರು ಬೇಡ. ಅಂಗಡಿಯಲ್ಲಿ ಸಿಗುವ ಹೊಳಪಿನ ಸ್ಪ್ರೇಗಳನ್ನು ಈ ಹಂತದಲ್ಲಂತೂ ಮುಟ್ಟಲೇಬೇಡಿ. ಅನೇಕದರಲ್ಲಿ ಸಿಲಿಕೋನ್ ಇರುತ್ತದೆ, ಅದು ಬಿರುಕಿನೊಳಗೆ ಸೇರಿಕೊಂಡರೆ ಮುಂದೆ ಹೊಡೆಯುವ ಲ್ಯಾಕರ್ ಅಲ್ಲಲ್ಲಿ ಗುಂಡಗೆ ಹಿಂದೆ ಸರಿದು ಕುಳಿಗಳಾಗುತ್ತವೆ. ಅಗಸೆ ಎಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿ ಅಂತ ಹೇಳುವವರೂ ಇದ್ದಾರೆ. ಎರಡು ದಿನ ಚೆನ್ನಾಗಿ ಕಾಣುತ್ತದೆ, ಆಮೇಲೆ ಧೂಳು ಹಿಡಿದು ಜಿಡ್ಡು ಗಟ್ಟಿಯಾಗುತ್ತದೆ.

ಪಾಲಿಶ್‌ಗೆ ಕೈಹಾಕುವ ಮೊದಲು ಎದ್ದ ವಿನಿಯರ್ ಅಂಟಿಸಬೇಕು. ಹಳೆ ಅಂಟು ಸರೇಸು (ಪ್ರಾಣಿಗಳ ಚರ್ಮ-ಮೂಳೆಯಿಂದ ಮಾಡುವ ಅಂಟು) ಆಗಿದ್ದರೆ ಬಿಸಿಗೆ ಮತ್ತೆ ಹಿಡಿಯುತ್ತದೆ. ಹಿಂಡಿದ ಒದ್ದೆಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಕೆಲವೇ ಸೆಕೆಂಡ್ ಇಟ್ಟು ಮರದ ತುಂಡಿನಿಂದ ಒತ್ತುತ್ತಾರೆ. ಆದರೆ ಆ ಬಿಸಿಗೆ ಮೇಲಿನ ಪಾಲಿಶ್ ಬಿಳಿಚಿಕೊಳ್ಳುವ ಅಪಾಯ ಇದೆ. 1960ರ ಹೊತ್ತಿಗೆ ಬೇರೆ ಅಂಟುಗಳೂ ಬಂದಿದ್ದವು, ಅವು ಬಿಸಿಗೆ ಜಗ್ಗುವುದಿಲ್ಲ. ಹಾಗಾಗಿ ನೀವು ಫೆವಿಕಾಲ್ ದಾರಿಯನ್ನೇ ಹಿಡಿಯಿರಿ. ತೆಳು ಬ್ಲೇಡನ್ನು ಒಳಗೆ ತೂರಿಸಿ ಹಳೆ ಅಂಟಿನ ಪುಡಿಯನ್ನು ಮೆಲ್ಲಗೆ ಕೆರೆದು ಊದಿ ಹೊರಹಾಕಿ. ವಿನಿಯರನ್ನು ಮೇಲಕ್ಕೆ ಮಡಚಬೇಡಿ, ಒಣಗಿದೆ, ಚಟ್ ಅಂತ ಮುರಿಯುತ್ತದೆ. ಫೆವಿಕಾಲ್‌ಗೆ ಸ್ವಲ್ಪವೇ ನೀರು ಸೇರಿಸಿ ದಪ್ಪ ಸೂಜಿಯ ಸಿರಿಂಜಿನಲ್ಲಿ ಒಳಗಿನ ತುದಿಯವರೆಗೂ ಬಿಡಿ. ಬೆರಳಿನಲ್ಲಿ ಒಳಗಿನಿಂದ ಹೊರಗೆ ಒತ್ತುತ್ತಾ ಬನ್ನಿ, ಹೆಚ್ಚಿನ ಅಂಟು ಅಂಚಿನಲ್ಲಿ ಹೊರಬರುತ್ತದೆ. ಅದನ್ನು ಆಗಲೇ ಒದ್ದೆಬಟ್ಟೆಯಲ್ಲಿ ಪೂರ್ತಿ ಒರೆಸಿ, ಒಣಗಿದ ಫೆವಿಕಾಲ್ ಮೇಲೆ ಪಾಲಿಶ್ ಹಿಡಿಯುವುದಿಲ್ಲ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ತುಂಡು, ಆಮೇಲೆ ಕ್ಲ್ಯಾಂಪ್. ಮೂಲೆ ಬಾಗಿದ್ದರೆ ಮರದ ತುಂಡು ಕೂರುವುದಿಲ್ಲ, ಬಟ್ಟೆ ಚೀಲದಲ್ಲಿ ಮರಳು ತುಂಬಿ ಅದನ್ನು ಒತ್ತಿಡಿ. 24 ಗಂಟೆ ಮುಟ್ಟಬೇಡಿ. ಅಂಟುವ ಟೇಪ್ ಬಳಸಬೇಡಿ, ಕೀಳುವಾಗ ಹಳೆ ಪಾಲಿಶ್ ಅದರ ಜೊತೆ ಬರುತ್ತದೆ.

ವಿನಿಯರ್ ತುಂಡು ಕಳೆದೇ ಹೋಗಿದ್ದರೆ ಬಡಗಿಯ ಹತ್ತಿರ ಚೂರು ಕೇಳಿ. ಚೌಕಾಕಾರದ ತೇಪೆ ಎದ್ದು ಕಾಣುತ್ತದೆ, ಮರದ ಗೆರೆಗಳ ದಿಕ್ಕಿನಲ್ಲಿ ಉದ್ದಕ್ಕೆ, ಎರಡೂ ತುದಿ ಚೂಪಾಗಿ ಕತ್ತರಿಸಿದರೆ ಕಣ್ಣಿಗೆ ಬೀಳುವುದಿಲ್ಲ.

ಬಿಳಿ ಕಲೆಗಳು ಬಹುತೇಕ ತೇವದ್ದು. ನಿಮ್ಮ ಕಡೆಯ ಮಳೆಗಾಲ ಗೊತ್ತಲ್ಲ. ಕಲೆ ಬಿಳಿಯಾಗಿದ್ದರೆ ತೇವ ಪಾಲಿಶ್‌ನಲ್ಲೇ ನಿಂತಿದೆ, ಕಪ್ಪಾಗಿದ್ದರೆ ಮರಕ್ಕೇ ಇಳಿದಿದೆ ಅಂತ ಲೆಕ್ಕ. ಬಿಳಿಯದಕ್ಕೆ ಮೊದಲು ಒಣ ಹವೆಯ ಕೋಣೆಯಲ್ಲಿ ಎರಡು ವಾರ ಸುಮ್ಮನೆ ಇಡಿ, ಸ್ವಲ್ಪ ತಾನಾಗಿಯೇ ಇಳಿಯುತ್ತದೆ. ಅರಗಿನ ಪಾಲಿಶ್ ಆಗಿದ್ದರೆ ಹತ್ತಿಯನ್ನು ಹಳೆ ಪಂಚೆಯ ಬಟ್ಟೆಯಲ್ಲಿ ಸುತ್ತಿ ಉಂಡೆ ಮಾಡಿ, ಸ್ಪಿರಿಟ್‌ನಲ್ಲಿ ನಸು ತೇವ ಮಾಡಿ, ಕಲೆಯ ಮೇಲೆ ಸರ್ರನೆ ಒಮ್ಮೆ ಎಳೆದು ತೆಗೆಯಿರಿ. ಉಂಡೆ ನಿಲ್ಲಬಾರದು, ನಿಂತರೆ ಅಂಟಿಕೊಂಡು ಪಾಲಿಶ್ ಕೀಳುತ್ತದೆ. ಕಲೆ ಕಣ್ಣೆದುರೇ ಮಾಯವಾಗುತ್ತಾ ಬರುತ್ತದೆ, ನೋಡಲು ಬಹಳ ಖುಷಿ. ಕಪ್ಪು ಕಲೆಗೆ ಪಾಲಿಶ್ ತೆಗೆದು ಆಕ್ಸಾಲಿಕ್ ಆ್ಯಸಿಡ್ ಹಚ್ಚಬೇಕಾಗುತ್ತದೆ, ಅದು ವಿಷ, ನೀವು ಹೇಳಿದ್ದರಲ್ಲಿ ಅದರ ಅಗತ್ಯ ಕಾಣುತ್ತಿಲ್ಲ.

ಬಿರುಕುಗಳಿಗೆ ಬರುತ್ತೇನೆ. ಲ್ಯಾಕರ್ ವಯಸ್ಸಾದಂತೆ ಗಡುಸಾಗುತ್ತದೆ, ಕೆಳಗಿನ ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಅದರ ಜೊತೆ ಹಿಗ್ಗಲಾರದೆ ಮೇಲ್ಪದರ ಸೀಳುತ್ತದೆ. ಇದನ್ನು ಕರಗಿಸಿ ಮತ್ತೆ ಒಂದಾಗಿಸಬಹುದು. ಎನ್‌ಸಿ ಲ್ಯಾಕರ್ ಆಗಿದ್ದರೆ ಎನ್‌ಸಿ ಥಿನ್ನರ್‌ಗೆ ಸ್ವಲ್ಪ ರಿಟಾರ್ಡರ್ (ಆರುವುದನ್ನು ನಿಧಾನ ಮಾಡುವ ದ್ರವ) ಸೇರಿಸಿ, ಇಲ್ಲದಿದ್ದರೆ ಥಿನ್ನರ್ ಕೆಲಸ ಮಾಡುವ ಮೊದಲೇ ಹಾರಿಹೋಗುತ್ತದೆ. ಸ್ಪ್ರೇ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೆತ್ತನೆಯ ಅಗಲ ಬ್ರಷ್. ಕೆಲಸ ಮಾಡುವ ಬದಿ ಯಾವಾಗಲೂ ಮೇಲ್ಮುಖವಾಗಿ, ಸಮತಟ್ಟಾಗಿರಲಿ, ಒಂದು ಬದಿ ಒಣಗುವವರೆಗೆ ಇನ್ನೊಂದಕ್ಕೆ ತಿರುಗಿಸಬೇಡಿ. ಒಂದೇ ದಿಕ್ಕಿನಲ್ಲಿ ಒಮ್ಮೆ ಹಚ್ಚಿ ಕೈ ತೆಗೆಯಿರಿ. ಹಿಂದೆ ಮುಂದೆ ಆಡಿಸಿದರೆ ನಾನು ಮೊದಲು ಹೇಳಿದ ಆ ಬಣ್ಣವೂ ಅಲ್ಲಿಂದಿಲ್ಲಿಗೆ ಎಳೆದುಕೊಂಡು ಬರುತ್ತದೆ. ಅರ್ಧ ಗಂಟೆಯಲ್ಲಿ ಸಣ್ಣ ಬಿರುಕು ಮುಚ್ಚುತ್ತವೆ, ಆಳದವು ಪೂರ್ತಿ ಮುಚ್ಚದಿದ್ದರೆ ಮರುದಿನ ಇನ್ನೊಮ್ಮೆ. ಮೊದಲು ಕೆಳಭಾಗದ ಹಿಂಬದಿಯಲ್ಲಿ ಪ್ರಯೋಗ ಮಾಡಿ. ಅರಗಿನ ಪಾಲಿಶ್ ಆಗಿದ್ದರೆ ಥಿನ್ನರ್ ಬದಲು ಸ್ಪಿರಿಟ್‌ಗೆ ಸ್ವಲ್ಪ ಚಪಡಾ ಸೇರಿಸಿ ಇದೇ ರೀತಿ ಮಾಡಿ. ಅಂಗಳದಲ್ಲಿ ಅಥವಾ ಜಗುಲಿಯಲ್ಲಿ ಕೆಲಸ ಮಾಡಿ, ಹತ್ತಿರ ಒಲೆ, ದೀಪ, ಬೀಡಿ ಏನೂ ಇರಬಾರದು. ಥಿನ್ನರಿನ ಆವಿ ಬೇಗ ಹೊತ್ತಿಕೊಳ್ಳುತ್ತದೆ, ತಲೆಗೂ ಏರುತ್ತದೆ.

ಕಾಲ ನೋಡಿಕೊಂಡು ಶುರು ಮಾಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವ ಇದ್ದರೆ ಅದು ಅಲ್ಲಿ ಕೂತು ಇಡೀ ಪೆಟ್ಟಿಗೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಸಾಗರದಲ್ಲಿ ಜೂನ್‌ನಿಂದ ದಸರಾವರೆಗೆ ಈ ಕೆಲಸ ಬೇಡವೇ ಬೇಡ. ದೀಪಾವಳಿ ಕಳೆದು ಶಿವರಾತ್ರಿಯೊಳಗೆ, ಇಬ್ಬನಿ ಆರಿದ ಮೇಲೆ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಒಳ್ಳೆ ಹೊತ್ತು. ನೇರ ಬಿಸಿಲಿಗೆ ಇಡಬೇಡಿ.

ಬಿರುಕು ಕೂಡಿದ ಮೇಲೆ ಬಣ್ಣ ಹೋದ ಅಂಚುಗಳನ್ನು ತಿದ್ದಿ. ಚಪಡಾಕ್ಕೆ ಸ್ಪಿರಿಟ್‌ನಲ್ಲಿ ಕರಗುವ ಕಂದು ಬಣ್ಣ ಚಿಟಿಕೆಯಷ್ಟು ಸೇರಿಸಿ ಸಣ್ಣ ಬ್ರಷ್‌ನಲ್ಲಿ ಮುಟ್ಟಿಸುತ್ತಾ ಹೋಗಿ, ಬೇಕಾದ್ದಕ್ಕಿಂತ ಒಂದು ಛಾಯೆ ತಿಳಿಯಾಗಿಯೇ ನಿಲ್ಲಿಸಿ, ಮೇಲಿನ ಕೋಟ್ ಬಿದ್ದಾಗ ಗಾಢವಾಗುತ್ತದೆ. ಮೇಲಿನ ಕೋಟ್‌ಗೆ ನಿಮಗೆ ನಾನು ಹೇಳುವುದು ಚಪಡಾವನ್ನೇ. ಎನ್‌ಸಿ ಲ್ಯಾಕರ್ ಮೇಲೂ ಚೆನ್ನಾಗಿ ಹಿಡಿಯುತ್ತದೆ, ಸ್ಪ್ರೇ ಯಂತ್ರ ಬೇಡ, ಕೈಯಲ್ಲೇ ಆಗುತ್ತದೆ. ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಲೆಕ್ಕದಲ್ಲಿ ತೆಳುವಾಗಿ ಕರಗಿಸಿ, ನಿಮಗೆ ಕಾಲು ಲೀಟರ್ ಧಾರಾಳ ಸಾಕು. ರಾತ್ರಿ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ. ಆಗಾಗ ಹೊಸದು ಮಾಡಿಕೊಳ್ಳಿ, ಕರಗಿಸಿ ತಿಂಗಳುಗಟ್ಟಲೆ ಇಟ್ಟ ಚಪಡಾ ಹಚ್ಚಿದರೆ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ. ಅದೇ ಹತ್ತಿ ಉಂಡೆಯಲ್ಲಿ ಉದ್ದುದ್ದಕ್ಕೆ ಎಳೆಯಿರಿ, ದಿನಕ್ಕೆ ಎರಡು ಮೂರು ತೆಳು ಕೋಟ್, ಒಟ್ಟು ಆರರಿಂದ ಎಂಟು. ಒಂದು ವಾರ ಬಿಟ್ಟು ಜೇನುಮೇಣ ತೆಳುವಾಗಿ ಹಚ್ಚಿ ಒರೆಸಿದರೆ ಆಯಿತು. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಒಲೆಯಿಂದ ದೂರ ತಂದು ಮೂರು ಪಾಲು ಟರ್ಪಂಟೈನ್ ಬೆರೆಸಿಕೊಳ್ಳಿ.

ಪಾಲಿಶ್ ಹಪ್ಪಳೆ ಎದ್ದು ಮರವೇ ಕಾಣುತ್ತಿದ್ದರೆ ಮಾತ್ರ ಕೀಳಬೇಕು, ಆಗಲೂ ಸ್ಪಿರಿಟ್ ಅಥವಾ ಥಿನ್ನರ್‌ನಲ್ಲಿ ಮೆತ್ತಗೆ ಮಾಡಿ ಹಳೆ ಎಟಿಎಂ ಕಾರ್ಡಿನ ಅಂಚಿನಿಂದ ತಳ್ಳಿ ತೆಗೆಯಿರಿ. ಸ್ಯಾಂಡ್ ಪೇಪರ್ ಕೊನೆಗೆ 320 ನಂಬರಿನದು, ಕೈಯಲ್ಲಿ, ಮರದ ಗೆರೆಗಳ ದಿಕ್ಕಿಗೆ, ನಾಲ್ಕೈದು ಸಲ ಅಷ್ಟೇ.

ನಿಮ್ಮ ಬಡಗಿಯನ್ನು ಪೂರ್ತಿ ದೂರ ಇಡಬೇಡಿ. ಮೂಲೆಯ ವಿನಿಯರ್ ಅಂಟಿಸಲು ಅವರ ಕ್ಲ್ಯಾಂಪ್, ಅವರ ಕೈ ನಿಮಗಿಂತ ಚೆನ್ನಾಗಿರುತ್ತದೆ. ಆ ಒಂದು ಕೆಲಸ ಮಾತ್ರ ಹೇಳಿ, ಅವರ ಎದುರು ನಿಂತು ಮಾಡಿಸಿ. ಹಳಬರಾಗಿದ್ದರೆ ಕೈಯಲ್ಲಿ ಫ್ರೆಂಚ್ ಪಾಲಿಶ್ ಹಾಕುವುದು ಬರುತ್ತದಾ ಅಂತಲೂ ಕೇಳಿ ನೋಡಿ. ಬರುವುದಾದರೆ ಕೊನೆಯ ಕೋಟ್‌ಗಳನ್ನು ಅವರಿಗೇ ಬಿಡುವುದು ಉತ್ತಮ.

ಚಾಸಿಯನ್ನು ವಾಪಸ್ ಕೂರಿಸುವುದು ಸ್ಪಿರಿಟ್, ಥಿನ್ನರ್ ವಾಸನೆ ಪೂರ್ತಿ ಹೋದ ಮೇಲೆ. ವಾಲ್ವ್‌ಗಳು ಚೆನ್ನಾಗಿ ಬಿಸಿಯಾಗುತ್ತವೆ, ಅರೆಬರೆ ಒಣಗಿದ ಪಾಲಿಶ್ ಮೇಲೆ ಆ ಶಾಖ ಬಿದ್ದರೆ ಗುಳ್ಳೆ ಏಳುತ್ತದೆ. ಗೋಡೆಗೆ ತಾಗಿಸಿ ಇಡಬೇಡಿ, ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ಸ್ಪಿರಿಟ್‌ಗೂ ಥಿನ್ನರ್‌ಗೂ ಏನೂ ಆಗದ ಪಾಲಿಶ್ ಆಗಿದ್ದರೆ ಮೇಲಿನ ಕರಗಿಸುವ ವಿಧಾನ ನಡೆಯುವುದಿಲ್ಲ, ಸ್ವಚ್ಛ ಮಾಡಿ ಮೂಲೆ ಅಂಟಿಸಿ ಅಲ್ಲಿಗೇ ನಿಲ್ಲಿಸಿ. ಕಿಟಕಿಯ ಓರೆ ಬೆಳಕಿನಲ್ಲಿ ಮೇಲ್ಭಾಗದ ಮತ್ತು ಮೂಲೆಯ ಫೋಟೋ ತೆಗೆದು ಪರೀಕ್ಷೆಯಲ್ಲಿ ಏನಾಯಿತು ಅಂತ ಬರೆದು ಕಳಿಸಿ, ಮುಂದಿನದನ್ನು ನೋಡಿ ಹೇಳುತ್ತೇನೆ.